ಪಕ್ಕೆಯಿಂದ ಬಂದವನು ಗೆಲ್ಲುವುದು ಯಾವಾಗ?

ಪ್ರಶ್ನೆ: ನಾವು ಮೂವರು ಗೆಳೆಯರು ಮಳೆಗಾಲದ ಭಾನುವಾರಗಳಂದು ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್ ಎಂಬ ಪ್ರಾಚೀನ ಕಾಲದ ಯುದ್ಧಗಳ ಆಟ) ನಿಯಮಗಳ ಪ್ರಕಾರ ಪುಟ್ಟ ಗೊಂಬೆ ಸೈನ್ಯಗಳ ಯುದ್ಧದಾಟ ಆಡುತ್ತೇವೆ. ಎದುರಾಳಿಯ ಸಾಲನ್ನು ಬಳಸಿಕೊಂಡು ಹೋಗಿ ಪಕ್ಕೆಗೆ ಬಿದ್ದಾಗಲೆಲ್ಲ ಸೋಲುವವನು ನಾನೇ. ಪಕ್ಕೆಯಿಂದ ಹೊಡೆದರೆ ನಮ್ಮ ಬಲ ಹೆಚ್ಚಬೇಕಲ್ಲವೇ? (ಓದುಗರೊಬ್ಬರು, ಸಾಗರ)

ಉತ್ತರ: ನಿಮ್ಮ ಬಲ ಹೆಚ್ಚುವುದಿಲ್ಲ, ಎದುರಾಳಿಗೆ ಇದ್ದ ಅನುಕೂಲಗಳು ಕಳೆದುಹೋಗುತ್ತವೆ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ನಿಮ್ಮ ಸೋಲಿನ ಕಾರಣವೂ ತಿಳಿಯುತ್ತದೆ.

1990ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಪ್ರಕಟವಾದ ಡಿಬಿಎಯಲ್ಲಿ ಒಂದು ಸೈನ್ಯಕ್ಕೆ 12 ತುಕಡಿಗಳಷ್ಟೇ (ಒಂದೇ ತಳದ ಮೇಲೆ ನಿಲ್ಲಿಸಿದ ಗೊಂಬೆಗಳೇ ಒಂದು ತುಕಡಿ) ಇರುವುದರಿಂದ ಲೆಕ್ಕವನ್ನು ಬೆರಳ ಮೇಲೆ ಮಾಡಬಹುದು. ಎರಡು ಈಟಿ ತುಕಡಿಗಳು ಮುಖಾಮುಖಿಯಾಗಿವೆ ಎಂದಿಟ್ಟುಕೊಳ್ಳಿ. ಈಟಿಗೆ 4 ಅಂಕ. ಅದಕ್ಕೆ ಇಬ್ಬರೂ ತಮ್ಮ ತಮ್ಮ ದಾಳದ ಅಂಕ ಕೂಡಿಸುತ್ತಾರೆ. ಮೊತ್ತ ಕಡಿಮೆಯಾದವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ, ಎದುರಾಳಿಯ ಮೊತ್ತದ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದವನು ನಾಶವಾಗುತ್ತಾನೆ. ಅಕ್ಕಪಕ್ಕದ ಬೆಂಬಲದ ಅಂಕಗಳನ್ನು ಸದ್ಯಕ್ಕೆ ಬಿಡೋಣ. ಎರಡು ದಾಳಗಳು ಬೀಳುವ ಬಗೆಗಳು 36. ಅವುಗಳಲ್ಲಿ 15ರಲ್ಲಿ ನಿಮ್ಮ ಎದುರಾಳಿ ಸೋಲುತ್ತಾನೆ. ಆದರೆ ನಾಶವಾಗುವುದು ನಿಮಗೆ 6, ಅವನಿಗೆ 1 ಬಿದ್ದ ಒಂದೇ ಒಂದು ಬಗೆಯಲ್ಲಿ. ಉಳಿದ 14ರಲ್ಲಿ ಹಿಂದೆ ಸರಿದು ಬದುಕಿಕೊಳ್ಳುತ್ತಾನೆ.

ಈಗ ನಿಮ್ಮ ಇನ್ನೊಂದು ತುಕಡಿ ಅವನ ಪಕ್ಕೆಗೆ ಮುಖ ತಾಗಿಸಿ ನಿಂತಿತೆನ್ನಿ. ಅವನಿಗೆ ಒಂದು ಅಂಕ ಕಡಿತವಾಗಿ 4 ಇದ್ದದ್ದು 3 ಆಗುತ್ತದೆ, ಅವನು ಸೋಲುವ ಬಗೆಗಳು 15ರಿಂದ 21ಕ್ಕೆ ಏರುತ್ತವೆ. ಇಷ್ಟೇ ಆಗಿದ್ದರೆ ಅಷ್ಟು ದೂರ ಸುತ್ತಿ ಹೋಗುವ ಶ್ರಮ ಯಾರಿಗೂ ಬೇಕಿರಲಿಲ್ಲ. ಅಸಲು ಪೆಟ್ಟು ಮುಂದಿನ ನಿಯಮದಲ್ಲಿದೆ: ಪಕ್ಕೆಗೆ ಶತ್ರು ತಾಗಿರುವಾಗ ಸೋತ ತುಕಡಿಗೆ ಹಿಂದೆ ಸರಿಯಲು ಆಗುವುದಿಲ್ಲ, ಸರಿಯಲಾಗದ ತುಕಡಿ ನಾಶವಾಗುತ್ತದೆ. ಅಂದರೆ ಆ 21 ಬಗೆಗಳಲ್ಲಿಯೂ ಅದು ಮೇಜಿನಿಂದ ಕೆಳಗಿಳಿಯುತ್ತದೆ. 36ರಲ್ಲಿ ಒಂದಿದ್ದ ಸಾವು 36ರಲ್ಲಿ 21 ಆಯಿತು. ಪಕ್ಕೆಯಲ್ಲಿ ನಿಂತ ನಿಮ್ಮ ತುಕಡಿ ದಾಳವನ್ನೇ ಎಸೆದಿಲ್ಲ ಎಂಬುದನ್ನು ಗಮನಿಸಿ. ಅದು ಹಿಂದಿನ ಬಾಗಿಲಿಗೆ ಅಗುಳಿ ಹಾಕಿತು, ಹೊಡೆದದ್ದು ಮುಂದಿನವನು.

ನೀವು ಸೋಲುತ್ತಿರುವುದು ಮುಂದಿನವನು ಇಲ್ಲದ್ದರಿಂದ. ಎದುರಿಗೆ ಯಾರೂ ತಾಗಿರದ ತುಕಡಿಯ ಪಕ್ಕೆಗೆ ನೀವು ಹೋಗಿ ತಾಗಿದರೆ ಅದು ನಿಮ್ಮತ್ತ ತಿರುಗಿ ನಿಲ್ಲುತ್ತದೆ. ಆಗ ನಡೆಯುವುದು ಮಾಮೂಲಿ ಮುಖಾಮುಖಿ ಕಾದಾಟ. ನೀವೋ ಅಷ್ಟು ಹೊತ್ತಿಗೆ ಸಾಲಿನಿಂದ ದೂರ ಬಂದು ಒಂಟಿಯಾಗಿರುತ್ತೀರಿ, ಆ ಒಂಟಿ ತುಕಡಿಯನ್ನು ನಡೆಸಲು ಪ್ರತಿ ಸರದಿಯಲ್ಲೂ ದಾಳ ಕೊಟ್ಟ (ಸರದಿಯ ಆರಂಭದಲ್ಲಿ ಎಸೆದ ದಾಳದಲ್ಲಿ ಬಿದ್ದಷ್ಟೇ ನಡೆಗಳು ಸಿಗುತ್ತವೆ) ಒಂದು ನಡೆಯನ್ನು ಪ್ರತ್ಯೇಕವಾಗಿ ತೆತ್ತಿರುತ್ತೀರಿ, ಸೇನಾಪತಿಯಿಂದ ಬಹಳ ದೂರವಾಗಿದ್ದರೆ ಇನ್ನೊಂದನ್ನೂ. ದಾಳ 1 ಅಥವಾ 2 ಬಿದ್ದ ಸರದಿಯಲ್ಲಿ ಪಕ್ಕೆಯವರನ್ನು ನಡೆಸಿದರೆ ಸಾಲು ನಿಲ್ಲುತ್ತದೆ, ಸಾಲನ್ನು ನಡೆಸಿದರೆ ಪಕ್ಕೆಯವರು ಎಲ್ಲೋ ಮೂಲೆಯಲ್ಲಿ ನಿಂತಿರುತ್ತಾರೆ. ಆದ್ದರಿಂದ ಸಾಲನ್ನು ಮೊದಲು ತಾಗಿಸಿ, ಎದುರಾಳಿ ಅಲ್ಲಾಡದಂತೆ ಹಿಡಿದುಕೊಳ್ಳಿ, ಪಕ್ಕೆಯವರನ್ನು ಅದೇ ಸರದಿಯಲ್ಲಿ ಅಥವಾ ಮರು ಸರದಿಯಲ್ಲಿ ತಲುಪುವಷ್ಟು ಹತ್ತಿರದಲ್ಲೇ ಇಟ್ಟುಕೊಂಡಿರಿ. ಮೇಜಿನ ಅಂಚಿನವರೆಗೆ ಸುತ್ತುವ ದೊಡ್ಡ ಪ್ರದಕ್ಷಿಣೆಗಿಂತ ಸಾಲಿನ ತುದಿಯಿಂದ ಒಂದೇ ತುಕಡಿ ಒಳಕ್ಕೆ ಮಡಚಿಕೊಳ್ಳುವುದು ನನ್ನ ಅನುಭವದಲ್ಲಿ ಹೆಚ್ಚು ಆಟಗಳನ್ನು ಗೆಲ್ಲಿಸಿದೆ.

ಪ್ರಶ್ನೆ: ನನ್ನ ಕುದುರೆ ಪಡೆ ಶತ್ರುವಿನ ಪಕ್ಕೆಯನ್ನು ತಾಗಿದ್ದು ಕಣ್ಣಿಗೆ ಕಾಣುತ್ತಿದ್ದರೂ ಎದುರಾಳಿ ಅದನ್ನು ಮುಂಭಾಗದ ದಾಳಿಯೆಂದೇ ವಾದಿಸಿದ. ಯಾರು ಸರಿ? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಬಹುಶಃ ನಿಮ್ಮ ಎದುರಾಳಿಯೇ ಸರಿ. ಹೆಚ್ಚಿನ ನಿಯಮಗಳು ನೀವು ಎಲ್ಲಿ ತಾಗಿದಿರಿ ಎಂದು ನೋಡುವುದಿಲ್ಲ, ಎಲ್ಲಿಂದ ಹೊರಟಿರಿ ಎಂದು ನೋಡುತ್ತವೆ. ತುಕಡಿಯ ಮೂಲೆಗಳಿಂದ 45 ಡಿಗ್ರಿಯಲ್ಲಿ ಹೊರಕ್ಕೆ ಗೆರೆ ಎಳೆದರೆ ಮುಂಭಾಗ, ಎರಡು ಪಕ್ಕೆ, ಹಿಂಭಾಗ ಎಂದು ನಾಲ್ಕು ವಲಯಗಳಾಗುತ್ತವೆ. ವಾರ್‌ಹ್ಯಾಮರ್ ಫ್ಯಾಂಟಸಿ ಎಂಬ ಕಾಲ್ಪನಿಕ ಲೋಕದ ಯುದ್ಧದಾಟದಲ್ಲಿ ದಾಳಿ ಘೋಷಿಸುವಾಗ ನಿಮ್ಮ ಪಡೆಯ ಹೆಚ್ಚಿನ ಭಾಗ ಯಾವ ವಲಯದಲ್ಲಿತ್ತೋ ಆ ಬದಿಗೇ ನೀವು ತಾಗಬೇಕು. ಕಿಂಗ್ಸ್ ಆಫ್ ವಾರ್ ಎಂಬ ಅಂಥದೇ ಇನ್ನೊಂದು ಆಟದಲ್ಲಿ ನಿಮ್ಮ ಪಡೆಯ ಮುಂದಿನ ಅಂಚಿನ ನಡುಬಿಂದು ಎಲ್ಲಿತ್ತೆಂದು ಮಾತ್ರ ನೋಡುತ್ತಾರೆ. ನನಗೆ ಎರಡನೆಯದೇ ಮೆಚ್ಚು, ಬಿಂದುವಿನ ಬಗ್ಗೆ ಜಗಳ ಕಡಿಮೆ.

ಪ್ರತಿಫಲವೂ ಒಂದೊಂದು ಆಟದಲ್ಲಿ ಒಂದೊಂದು ತರಹ. ಕಿಂಗ್ಸ್ ಆಫ್ ವಾರ್ ಪಕ್ಕೆಗೆ ಬಂದವನ ಹೊಡೆತಗಳನ್ನು ಎರಡು ಪಟ್ಟು, ಹಿಂಭಾಗಕ್ಕೆ ಬಂದವನ ಹೊಡೆತಗಳನ್ನು ಮೂರು ಪಟ್ಟು ಮಾಡುತ್ತದೆ. ಸಾಗರದವರ ಪ್ರಶ್ನೆಗೆ ಮೇಲೆ ಕೊಟ್ಟ ಉತ್ತರ ಈ ಆಟಕ್ಕೆ ಅನ್ವಯಿಸುವುದಿಲ್ಲವೆಂದು ಒಪ್ಪಬೇಕು. ವಾರ್‌ಹ್ಯಾಮರ್‌ನ ಹಳೆಯ ಆವೃತ್ತಿಗಳಲ್ಲಿ ಪಕ್ಕೆಗೆ ಸಿಗುತ್ತಿದ್ದದ್ದು ಒಂದೇ ಅಂಕ, ಹಿಂಭಾಗಕ್ಕೆ ಎರಡು. ಆದರೆ ಸಾಕಷ್ಟು ದೊಡ್ಡ ಪಡೆ ಪಕ್ಕೆಗೆ ತಾಗಿದರೆ ಎದುರಾಳಿ ಹಿಂದಿನ ಸಾಲುಗಳಿಂದ ಪಡೆಯುತ್ತಿದ್ದ ಮೂರರವರೆಗಿನ ಅಂಕಗಳು ಪೂರ್ತಿ ಹೋಗುತ್ತಿದ್ದವು. ಅಲ್ಲಿಯೂ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ದೊಡ್ಡದು.

ಕೋನ ಅಳೆಯಲು ದುಬಾರಿ ಸಾಧನ ಬೇಡ. ಚೌಕಾಕಾರದ ರಟ್ಟನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ 45 ಡಿಗ್ರಿ ಸಿದ್ಧ. ಅದಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿಡಿ, ಇಲ್ಲವಾದರೆ ಆಷಾಢದ ತೇವಕ್ಕೆ ಹಪ್ಪಳದ ಹಾಗೆ ಮುರುಟಿಕೊಳ್ಳುತ್ತದೆ. ಗೊಂಬೆಗಳ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ತಳಗಳಿಗೂ ವಾರ್ನಿಷ್ ಬಳಿಯಿರಿ: ಕಳೆದ ಮಳೆಗಾಲದಲ್ಲಿ ನನ್ನ 40 ಮಿಲಿಮೀಟರ್ ತಳಗಳು ಅಂಚಿನಲ್ಲಿ ಉಬ್ಬಿ, ಸಾಲಾಗಿ ನಿಲ್ಲಿಸಿದಾಗ ತುಕಡಿಗಳ ನಡುವೆ ಉಗುರು ತೂರುವಷ್ಟು ಸಂದು ಬಿದ್ದಿತ್ತು. ಆ ಸಂದಿನಲ್ಲಿ ಪಕ್ಕೆ ತೆರೆದಿದೆಯೇ ಇಲ್ಲವೇ ಎಂಬ ಚರ್ಚೆಯಲ್ಲಿ ನಮ್ಮ ಒಂದು ಸಂಜೆಯೇ ಮುಗಿಯಿತು.

ಪ್ರಶ್ನೆ: ಮೇಜಿನ ಮೇಲೆ ಎಲ್ಲವೂ ಇಬ್ಬರಿಗೂ ಕಾಣುತ್ತಿರುವಾಗ ಪಕ್ಕೆಯ ದಾಳಿಯಲ್ಲಿ ಅನಿರೀಕ್ಷಿತತೆ ಎಲ್ಲಿಂದ ಬರಬೇಕು? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಒಳ್ಳೆಯ ಪ್ರಶ್ನೆ. 1757ರ ಡಿಸೆಂಬರ್ 5ರಂದು ಲಾಯ್ಥೆನ್‌ನಲ್ಲಿ ಪ್ರಷ್ಯಾದ ದೊರೆ ಫ್ರೆಡರಿಕ್ ತನಗಿಂತ ಬಹಳ ದೊಡ್ಡದಾಗಿದ್ದ ಆಸ್ಟ್ರಿಯಾದ ಸೈನ್ಯದ ಬಲಪಕ್ಕೆಯ ಮುಂದೆ ದಾಳಿಯ ಸೋಗು ಹಾಕಿ, ತಗ್ಗಾದ ಗುಡ್ಡಗಳ ಮರೆಯಲ್ಲಿ ಮುಖ್ಯ ಸೈನ್ಯವನ್ನು ನಡೆಸಿಕೊಂಡು ಹೋಗಿ ಎಡಪಕ್ಕೆಗೆ ಬಿದ್ದ. ಆಸ್ಟ್ರಿಯನ್ನರು ಮೀಸಲು ಪಡೆಯನ್ನು ಬಲಕ್ಕೆ ಕಳಿಸಿಬಿಟ್ಟಿದ್ದರು. ನಮ್ಮ ಮೇಜಿನ ಗುಡ್ಡಗಳಿಗೆ ಮರೆಮಾಡುವ ಶಕ್ತಿಯಿಲ್ಲ. ಕಂಬಳಿಯ ಕೆಳಗೆ ಪುಸ್ತಕ ಇಟ್ಟು ಎಬ್ಬಿಸಿದ ಕೊಡಚಾದ್ರಿಯ ಆಚೆಗೂ ಆಟಗಾರ ಬಗ್ಗಿ ನೋಡಬಲ್ಲ.

ಇದಕ್ಕೆ ಹಳೆಯ ಪರಿಹಾರವೊಂದಿದೆ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದಾಗ, ಸೈನ್ಯ ಜೋಡಿಸುವಾಗ ನಡುವೆ ಪರದೆ ಎಳೆಯಲು ಹೇಳಿದ್ದರು. ಹಗ್ಗದ ಮೇಲೆ ಒಂದು ಪಂಚೆ ಇಳಿಬಿಟ್ಟರೆ ನಿಮ್ಮ ಮನೆಯಲ್ಲೂ ಆಗುತ್ತದೆ. ಇನ್ನೊಂದು ಕ್ರಮವೆಂದರೆ ಕೆಲವು ತುಕಡಿಗಳನ್ನು ಮೇಜಿನ ಹೊರಗಿಟ್ಟು, ಅವು ಎಡದಿಂದ ಬರುತ್ತವೆಯೋ ಬಲದಿಂದಲೋ ಎಂದು ಚೀಟಿಯಲ್ಲಿ ಗುಟ್ಟಾಗಿ ಬರೆದಿಡುವುದು; ಬೋಲ್ಟ್ ಆ್ಯಕ್ಷನ್ ಎಂಬ ಎರಡನೇ ಮಹಾಯುದ್ಧದ ಆಟದಲ್ಲಿ ಇದು ನಿಯಮವೇ ಆಗಿದೆ. ತಡವಾಗಿ ಬರುವ, ಬಾರದೆಯೇ ಉಳಿಯುವ ಅಪಾಯ ಬರೆದವನದ್ದು.

ಪ್ರಶ್ನೆ: ನನ್ನ ಸಾಲಿನ ತುದಿಯನ್ನು ಕಾಡಿಗೆ ಆನಿಸಿದರೆ ಪಕ್ಕೆ ಭದ್ರವೇ? (ಓದುಗರೊಬ್ಬರು, ಹೊಸನಗರ)

ಉತ್ತರ: ಎದುರಿಗಿರುವವರು ಯಾರೆಂಬುದನ್ನು ಅವಲಂಬಿಸಿದೆ. ಡಿಬಿಎಯಲ್ಲಿ ಈಟಿಯವರೋ ಕುದುರೆಯವರೋ ಕಾಡಿಗೆ ನುಗ್ಗಿ ಕಾದಿದರೆ ಎರಡು ಅಂಕ ಕಳೆದುಕೊಳ್ಳುವುದರಿಂದ ಅಂಥವರ ಮುಂದೆ ಕಾಡು ಗೋಡೆಯಂತೆ ನಿಲ್ಲುತ್ತದೆ. ಹಗುರ ಕಾಲಾಳುಗಳಿಗೆ ಆ ಕಡಿತವಿಲ್ಲ. ಅವರು ಮರಗಳ ನಡುವಿನಿಂದ ನೇರವಾಗಿ ನಿಮ್ಮ ಪಕ್ಕೆಗೆ ಇಳಿಯುತ್ತಾರೆ. ನಿಮ್ಮದೇ ಒಂದು ಹಗುರ ತುಕಡಿಯನ್ನು ಕಾಡಿನೊಳಗೆ ಕೂರಿಸಿ, ಸಾಲಿನ ಹಿಂದೆ ಇನ್ನೊಂದನ್ನು ಮೀಸಲಿಡಿ.