ಅಗಲಿದ ಶಿಷ್ಯರ ಪಟ್ಟಿ ಬರೆಯಲು ಕೂತ ಮೇಷ್ಟ್ರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಇಸವಿ ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಬಂದವರು 68 ವರ್ಷದ ನಿವೃತ್ತ ಕನ್ನಡ ಮೇಷ್ಟ್ರು. ಹೋಬಳಿ ಕೇಂದ್ರವೊಂದರ ಹೈಸ್ಕೂಲಿನಲ್ಲಿ ಸುಮಾರು ಮೂವತ್ತು ವರ್ಷ ಪಾಠ ಹೇಳಿದವರು. ಶಾಲೆಯ ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳ ಸಂಘ ಸ್ಮರಣ ಸಂಚಿಕೆ ತರುತ್ತಿತ್ತು. ಅದರಲ್ಲಿ ತೀರಿಕೊಂಡ ವಿದ್ಯಾರ್ಥಿಗಳಿಗೆಂದು ಎಂಟು ಪುಟ ತೆಗೆದಿಟ್ಟು, "ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಸಾರ್" ಎಂದು ಸಂಘದವರು ಕೆಲಸವನ್ನು ಅವರಿಗೆ ಒಪ್ಪಿಸಿದ್ದರು. ಆರು ವಾರದಲ್ಲಿ ಪಟ್ಟಿ 34 ಹೆಸರಿಗೆ ಬಂತು. ಬರಹ ಮಾತ್ರ ಒಂದೂ ಮುಗಿಯಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರ, ಎದ್ದು ಹಳೆಯ ಗ್ರೂಪ್ ಫೋಟೊ ಹರಡಿಕೊಂಡು ಕೂರುವುದು, ಊಟ ಅರ್ಧಕ್ಕೇ ಸಾಕು ಎನ್ನುವುದು. ಕರೆತಂದ ಮಗಳು ಹೇಳಿದ್ದು ಇಷ್ಟು: "ಅಮ್ಮ ಹೋದಾಗಲೂ ಅಪ್ಪಾಜಿ ಹೀಗೆ ಆಗಿರಲಿಲ್ಲ."

ಮೊದಲ ಭೇಟಿಯಲ್ಲಿ ಪಟ್ಟಿಯ ವಿಷಯಕ್ಕೆ ಕೈ ಹಾಕಲಿಲ್ಲ. ಈ ವಯಸ್ಸಿನಲ್ಲಿ ನಿದ್ದೆ ಕೆಟ್ಟು ಊಟ ಸೇರದಿದ್ದರೆ ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆ ಮೊದಲು ಆಗಬೇಕು; ಎಲ್ಲವನ್ನೂ ದುಃಖದ ಲೆಕ್ಕಕ್ಕೆ ಬರೆಯಬಾರದು. ಖಿನ್ನತೆಯ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅಂಕ 11 ಬಂತು. ಹತ್ತರಿಂದ ಹದಿನಾಲ್ಕು ಮಧ್ಯಮ ಪ್ರಮಾಣ. ಮಗಳನ್ನು ಹೊರಗೆ ಕೂರಿಸಿ, "ಬದುಕು ಸಾಕು ಅನ್ನಿಸುತ್ತಾ ಮೇಷ್ಟ್ರೇ? ಸಾಯಬೇಕು ಅನ್ನೋ ಯೋಚನೆ ಬರುತ್ತಾ?" ಎಂದು ನೇರವಾಗಿಯೇ ಕೇಳಲಾಯಿತು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಹಲವರಿಗಿದೆ, ಹಾಗಾಗುವುದಿಲ್ಲ. ಅವರು ಇಲ್ಲ ಎಂದರು, ಸ್ವಲ್ಪ ತಡೆದು, "ಆ ಹುಡುಗನಿಗೆ ಯಾರಾದ್ರೂ ಹೀಗೆ ಕೇಳಿದ್ರೆ ಚೆನ್ನಾಗಿತ್ತು" ಎಂದರು. ಯಾವ ಹುಡುಗ ಎಂದು ಆ ದಿನ ಕೆದಕಲಿಲ್ಲ.

ದೀರ್ಘಕಾಲದ ದುಃಖದ ಕಾಯಿಲೆ ಎಂಬ ಹೆಸರು ಇಲ್ಲಿಗೆ ಹೊಂದುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರ ಪ್ರಕಾರ ಅದಕ್ಕೆ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರು 2022ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ ವಯಸ್ಕರಿಗೆ 12 ತಿಂಗಳು, ದಿನವೂ ಕಾಡುವ ಹಂಬಲ ಇರಬೇಕು. ಇವರದು ಹಾಗಲ್ಲ, ಪಟ್ಟಿ ತೆರೆದಾಗ ಏರುತ್ತಿತ್ತು, ಮೊಮ್ಮಗಳ ಜೊತೆ ಇದ್ದಾಗ ಇಳಿಯುತ್ತಿತ್ತು. ಹೀಗೆ ಏರಿ ಇಳಿಯುವುದು ಒಳ್ಳೆಯ ಸೂಚನೆ.

ಎರಡನೇ ಭೇಟಿಯಲ್ಲಿ ಬೇರೆ ಸಂಗತಿ ಹೊರಬಿತ್ತು. ಆ 34 ಸಾವುಗಳು ಮೂವತ್ತು ವರ್ಷದಲ್ಲಿ ಹರಡಿದ್ದವು: ಬೈಕ್ ಅಪಘಾತ, ಹೆರಿಗೆ, ಕಿಡ್ನಿ, ಕುಡಿತ, 2021ರ ಕೋವಿಡ್. ಆದರೆ ಮೇಷ್ಟ್ರಿಗೆ ಅವುಗಳಲ್ಲಿ ಹೆಚ್ಚಿನವು ತಿಳಿದದ್ದು ಈ ಆರು ವಾರದಲ್ಲಿ. ಬ್ಯಾಚಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಕೈಮುಗಿದ ಚಿಹ್ನೆ, "ಓಂ ಶಾಂತಿ", ಮುಂದಿನ ಹೆಸರು. ದಿನಕ್ಕೊಂದು ಸಾವಿನ ಸುದ್ದಿ ಬಂದ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿದ್ದೇ ಮೊದಲ ಸಮಾಧಾನವಾಯಿತು. ತಮ್ಮ ಬುದ್ಧಿ ಕೆಡುತ್ತಿದೆ ಎಂದು ಅವರು ಒಳಗೇ ಹೆದರಿದ್ದರು.

ಇನ್ನೊಂದು, ಶಿಷ್ಯ ಸತ್ತರೆ ಮೇಷ್ಟ್ರಿಗೆ ಸೂತಕವಿಲ್ಲ, ಹನ್ನೊಂದನೇ ದಿನವಿಲ್ಲ, "ಹೇಗಿದ್ದೀರಿ" ಎಂದು ಕೇಳಲು ಬರುವವರೂ ಇಲ್ಲ. ಸಮಾಜ ಲೆಕ್ಕಕ್ಕೆ ಇಟ್ಟುಕೊಳ್ಳದ ಇಂಥ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲೇ ಗುರುತಿಸಿ ಬರೆದಿದ್ದರು. ನಮ್ಮ ಮಹಾಲಯದ ಸರ್ವಪಿತೃ ತರ್ಪಣದಲ್ಲಿ ಗುರು, ಗೆಳೆಯ, ಶಿಷ್ಯರಿಗೂ ಒಂದು ಜಾಗವಿದೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ತನಗೆ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ, ಅಷ್ಟೆ. (ಆಚರಣೆಯಲ್ಲಿ ನಂಬಿಕೆ ಇಲ್ಲದವರಿಗೆ ಇದನ್ನು ಹೇರಬಾರದು. ಇವರಿಗೆ ನಂಬಿಕೆ ಇತ್ತು.)

ಮೂರನೇ ಭೇಟಿಗೆ ಅವರೇ ಆ ಹುಡುಗನ ವಿಷಯ ತೆಗೆದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲಿ ಕೀಟನಾಶಕ ಕುಡಿದವನು. ಫೆಬ್ರವರಿಯಲ್ಲಿ ಮೇಷ್ಟ್ರು ಅವನ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಇಡೀ ತರಗತಿಯ ಮುಂದೆ "ನೀನು ದನ ಕಾಯೋಕೆ ಲಾಯಕ್ಕು" ಎಂದಿದ್ದರಂತೆ. ಬೇರೆ 33 ಹೆಸರು ಬರೆಯಲು ಕೂತಾಗಲೂ ಪೆನ್ನು ನಿಲ್ಲುತ್ತಿದ್ದದ್ದು ಈ ಹೆಸರಿನ ಮುಂದೆಯೇ.

ಇಲ್ಲಿ ಸಲಹೆಗಾರರು ಸುಲಭವಾಗಿ ಎಡವುತ್ತಾರೆ. "ನಿಮ್ಮ ತಪ್ಪೇನಿಲ್ಲ ಬಿಡಿ" ಎಂದುಬಿಟ್ಟರೆ ಮುಂದಿನ ಮಾತು ಹೊರಡುವುದಿಲ್ಲ. ಆ ಮಾತು ಆಡಿದ್ದು ನಿಜ, ಅದು ಒರಟು ಮಾತು ಎಂಬುದೂ ನಿಜ. ಹಾಳೆಯೊಂದನ್ನು ಎರಡು ಭಾಗ ಮಾಡಿ, ಎಡಕ್ಕೆ ‘ಆ ಫೆಬ್ರವರಿಯಲ್ಲಿ ನನಗೆ ಗೊತ್ತಿದ್ದದ್ದು’, ಬಲಕ್ಕೆ ‘ಆಮೇಲೆ ಗೊತ್ತಾದದ್ದು’ ಎಂದು ಬರೆಯಲು ಹೇಳಲಾಯಿತು. ಎಡಕ್ಕೆ ಮೂರು ಸಾಲು ಬಂತು. ಬಲಕ್ಕೆ ಅಪ್ಪನ ಸಾಲ, ಮನೆಯ ಜಗಳ, ಅಣ್ಣ ಓದು ಬಿಟ್ಟದ್ದು, ಹಿಂದಿನ ವರ್ಷವೂ ಒಮ್ಮೆ ಹೀಗೆ ಮಾಡಲು ಹೋಗಿದ್ದು, ಮನೆಯಲ್ಲೇ ಕೀಟನಾಶಕದ ಡಬ್ಬಿ ಇದ್ದದ್ದು. ಅಂತಿಮ ಪರೀಕ್ಷೆಯ ಪತ್ರಿಕೆ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೆ, ಅದನ್ನು ತಿದ್ದಿದ್ದು ಇವರಲ್ಲ ಎಂಬುದನ್ನೂ ಅವರೇ ಬರೆದರು. ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲ ಎಂಬ ಮಾತನ್ನು ಹೇಳಿದ್ದು ಹಾಳೆ ತುಂಬಿದ ಮೇಲೆ. ಆಡಿದ ಮಾತಿನ ಪಶ್ಚಾತ್ತಾಪ ಉಳಿಯಿತು, ಉಳಿಯಲಿ. ಕೊಂದೆ ಎಂಬ ತೀರ್ಮಾನ ಸಡಿಲವಾಯಿತು.

ಇನ್ನು ಪಟ್ಟಿಯ ಕೆಲಸ. ಅದನ್ನು ಬಿಟ್ಟುಬಿಡಿ ಎಂದು ಮಗಳ ಒತ್ತಾಯ. ಆ ಸಲಹೆ ಕೊಡಲಿಲ್ಲ. ಅರ್ಧಕ್ಕೆ ಬಿಟ್ಟಿದ್ದರೆ 34 ಹೆಸರೂ ಅವರ ತಲೆಯಲ್ಲೇ ಉಳಿಯುತ್ತಿದ್ದವು. ಬದಲಿಗೆ ಕೆಲಸದ ರೀತಿ ಬದಲಾಯಿತು. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಹೆಸರಿಗಿಂತ ಹೆಚ್ಚಿಲ್ಲ, ಸಂಜೆ ಆರರ ನಂತರ ಫೈಲು ಮುಟ್ಟುವಂತಿಲ್ಲ. ಸುದ್ದಿ ಸಂಗ್ರಹ ಮೇಷ್ಟ್ರ ಕೈಯಿಂದ ಪೂರ್ತಿ ಹೋಯಿತು. ಪ್ರತಿ ಬ್ಯಾಚಿನಿಂದ ಒಬ್ಬರು ವಿವರ ತಂದು ಸಂಘದ ಕಾರ್ಯದರ್ಶಿಗೆ ಕೊಡಬೇಕು, ಪರಿಶೀಲಿಸಿದ್ದು ಮಾತ್ರ ಮೇಷ್ಟ್ರಿಗೆ ತಲುಪಬೇಕು. ವಾಟ್ಸಾಪ್ ಗುಂಪುಗಳನ್ನು ಅವರು ಸದ್ದಡಗಿಸಿ ಬದಿಗಿಟ್ಟರು.

ಪರಿಶೀಲನೆಯೇ ದೊಡ್ಡ ಕೆಲಸ. ಇಂಥ ಪಟ್ಟಿಗಳು ಕೆಡುವುದು ಹೆಚ್ಚಾಗಿ ಮೂರು ಕಡೆ. ಒಂದೇ ಹೆಸರು, ಒಂದೇ ಇನಿಷಿಯಲ್ ಇರುವ ಇಬ್ಬರು ಒಂದೇ ಬ್ಯಾಚಿನಲ್ಲಿ ಇರುತ್ತಾರೆ. ದಾಖಲಾತಿ ಪುಸ್ತಕದ ಕ್ರಮಸಂಖ್ಯೆ, ತಂದೆಯ ಹೆಸರು, ಊರು ಮೂರನ್ನೂ ನೋಡದೆ ಯಾರನ್ನೂ ಸೇರಿಸಬಾರದು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಪಟ್ಟಿಯಿಂದ ಬಿಟ್ಟೇ ಹೋಗುತ್ತಾರೆ. ಬ್ಯಾಚಿನ ಗುಂಪಿನಲ್ಲಿ ಗಂಡಸರೇ ತುಂಬಿದ್ದರೆ ತವರಿನವರನ್ನು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಮೂರನೆಯದು, "ಕೋವಿಡ್‌ನಲ್ಲಿ ಹೋದ್ನಂತೆ". ಫೋನು ನಂಬರು ಬದಲಾದವರೆಲ್ಲ ಈ ‘ಅಂತೆ’ಯಲ್ಲಿ ಸತ್ತಿರುತ್ತಾರೆ. ಈ ಪಟ್ಟಿಯಲ್ಲೇ ಇಬ್ಬರು ಜೀವಂತ ಸಿಕ್ಕರು, ಒಬ್ಬ ಹೊಸೂರಿನ ಕಾರ್ಖಾನೆಯಲ್ಲಿದ್ದ. ಆದ್ದರಿಂದ ನಿಯಮ ಹೀಗಾಯಿತು: ಪರಸ್ಪರ ಸಂಬಂಧವಿಲ್ಲದ ಎರಡು ಮೂಲ, ಅವುಗಳಲ್ಲಿ ಒಂದು ಮನೆಯವರದು. ಮರಣ ಪ್ರಮಾಣಪತ್ರ ಮಾತ್ರ ಯಾರನ್ನೂ ಕೇಳಬಾರದು. ಅಕ್ಕರೆಯಿಂದ ಮಾಡುವ ಕೆಲಸ ಅಲ್ಲಿಗೆ ಕಚೇರಿ ವ್ಯವಹಾರವಾಗುತ್ತದೆ.

ಮನೆಯವರಿಗೆ ಫೋನು ಮಾಡುವವರು ಸತ್ತವರ ಸಹಪಾಠಿಯೇ ಆಗಿದ್ದರೆ ಒಳ್ಳೆಯದು. ಹಬ್ಬದ ದಿನ, ತಿಥಿಯ ದಿನ, ರಾತ್ರಿ ಹೊತ್ತು ಬೇಡ. ಮೊದಲ ಮಾತು ಸಾವಿನದಾಗಬಾರದು. ಹೀಗೆ ಹೇಳಿಕೊಡಲಾಯಿತು: "ಅಮ್ಮಾ, ನಾನು ನಿಮ್ಮ ಮಗನ ಜೊತೆ ಹೈಸ್ಕೂಲಲ್ಲಿ ಓದ್ದೋನು. ಸ್ಕೂಲಿಗೆ ಐವತ್ತು ವರ್ಷ ಆಯ್ತು, ಒಂದು ಪುಸ್ತಕ ತರ್ತಿದ್ದೀವಿ. ಅವನ ಬಗ್ಗೆ ನಾಲ್ಕು ಮಾತು ಬರೀಬೇಕು ಅಂತ ನಮಗೆಲ್ಲ ಆಸೆ. ನೀವು ಒಪ್ಪಿದ್ರೆ ಮಾತ್ರ. ಈಗ್ಲೇ ಹೇಳ್ಬೇಕು ಅಂತೇನಿಲ್ಲ, ಮುಂದಿನ ವಾರ ನಾನೇ ಮಾಡ್ತೀನಿ." ತಾಯಿ ಅತ್ತರೆ ಫೋನು ಇಡುವ ಆತುರ ಬೇಡ, ಸಮಾಧಾನದ ಭಾಷಣವೂ ಬೇಡ. ಬೇಡ ಎಂದವರ ಮಕ್ಕಳ ಹೆಸರು, ಬ್ಯಾಚು ಕೂಡ ಅಚ್ಚಾಗಬಾರದು. ಎರಡು ಮನೆಯವರು ಬೇಡ ಎಂದರು. ವಿಧವೆ ಮರುಮದುವೆಯಾಗಿದ್ದ ಒಂದು ಮನೆಯಲ್ಲಿ ತಾಯಿಯನ್ನೂ ಆಕೆಯನ್ನೂ ಬೇರೆಬೇರೆಯಾಗಿ ಕೇಳಬೇಕಾಯಿತು.

ಬರಹಕ್ಕೆ ಅಳತೆ: ಎಲ್ಲರಿಗೂ 60ರಿಂದ 80 ಪದ. ಕ್ರಮ ಬ್ಯಾಚಿನ ಇಸವಿಯಂತೆ, ಅದರೊಳಗೆ ಅಕಾರಾದಿ. ದೇಣಿಗೆ ಕೊಟ್ಟವರ ಮಗನಿಗೆ ಪೂರ್ತಿ ಪುಟ, ಕೂಲಿಯವರ ಮಗಳಿಗೆ ಒಂದು ಸಾಲು ಎಂಬ ಒತ್ತಡ ಬಂದೇ ಬರುತ್ತದೆ. ಅಳತೆಯನ್ನು ಸಂಘದ ಸಭೆಯಲ್ಲಿ ಮೊದಲೇ ಬರೆಸಿಟ್ಟರೆ ಮೇಷ್ಟ್ರು ಯಾರಿಗೂ ಇಲ್ಲ ಎನ್ನಬೇಕಾಗಿಲ್ಲ. ಫೋಟೊ ಇಲ್ಲದವರಿಗೆ ಹತ್ತನೇ ತರಗತಿಯ ಗ್ರೂಪ್ ಫೋಟೊದಿಂದ ಮುಖ ತೆಗೆಯಬಹುದು, ಆದರೆ ಮೊಬೈಲಿನಲ್ಲಿ ಹಿಡಿದ ಪ್ರತಿ ಸಾಲದು. ಮೂಲವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಬೇಕು. ಅಷ್ಟಾದರೂ ಮುಖ ಮಸುಕಾಗಿಯೇ ಬಂದರೆ ಯಾರ ಫೋಟೊವನ್ನೂ ಹಾಕದೆ, ಆ ವರ್ಷದ ಗ್ರೂಪ್ ಫೋಟೊ ಒಂದನ್ನೇ ಹಾಕುವುದು ವಾಸಿ.

‘ಸರಳ ಸಜ್ಜನ’, ‘ಸ್ನೇಹಜೀವಿ’, ‘ಪ್ರತಿಭಾವಂತ’ ಈ ಮೂರನ್ನು ನಿಷೇಧಿಸಲಾಯಿತು. ಇವು ಯಾರಿಗೂ ಒಪ್ಪುತ್ತವೆ, ಅದೇ ದೋಷ. ಬದಲಿಗೆ ಸಹಪಾಠಿಗಳಿಗೆ ನಾಲ್ಕೇ ಪ್ರಶ್ನೆ. ಯಾವ ಊರಿಂದ, ಹೇಗೆ ಬರುತ್ತಿದ್ದರು? ತರಗತಿಯಲ್ಲಿ, ಮೈದಾನದಲ್ಲಿ ಏನು ಮಾಡಿದ್ದು ನೆನಪಿದೆ? ಆಮೇಲೆ ಏನಾದರು? ಯಾರನ್ನು ಬಿಟ್ಟು ಹೋದರು? ಮೇಷ್ಟ್ರು ಬರೆದ ಮೊದಲ ಟಿಪ್ಪಣಿಯ ಅರ್ಧ ಹೀಗಿತ್ತು: "ಐದು ಮೈಲಿ ದೂರದಿಂದ ಅಣ್ಣನ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಳು. ಪ್ರಾರ್ಥನೆಗೆ ತಡವಾದರೂ ನಾಡಗೀತೆಯ ಕೊನೆಯ ಸಾಲಿಗೆ ದನಿ ಸೇರಿಸುತ್ತಿದ್ದಳು. ಟೈಲರಿಂಗ್ ಕಲಿತು ಊರಿನ ಹನ್ನೆರಡು ಹುಡುಗಿಯರಿಗೆ ಕಲಿಸಿದಳು." ಇದನ್ನು ಬರೆದ ದಿನದಿಂದ ಅವರಿಗೆ ಪಟ್ಟಿಯ ಭಾರ ಇಳಿಯತೊಡಗಿತು. ಹೇಗೆ ಸತ್ತರು ಎಂಬುದನ್ನೇ ಆರು ವಾರ ಕೇಳಿದ್ದವರು ಹೇಗೆ ಬದುಕಿದ್ದರು ಎಂದು ಕೇಳತೊಡಗಿದ್ದರು.

ಸಾವಿನ ಕಾರಣವನ್ನು ಯಾರದ್ದೂ ಬರೆಯಬಾರದೆಂದು ನಿರ್ಧಾರವಾಯಿತು. ಕ್ಯಾನ್ಸರ್ ಎಂದು ಒಬ್ಬರದು ಬರೆದು ಇನ್ನೊಬ್ಬರದು ಬಿಟ್ಟರೆ, ಬಿಟ್ಟಲ್ಲೇ ಜನ ಕಣ್ಣು ನೆಡುತ್ತಾರೆ. ಆತ್ಮಹತ್ಯೆಯಿಂದ ಹೋದವರ ವಿಷಯದಲ್ಲಿ ವಿಧಾನ, ಜಾಗ, ಫಲಿತಾಂಶದ ಅಂಕ, ಬರೆದಿಟ್ಟ ಚೀಟಿ ಯಾವುದೂ ಬೇಡ. "ಪರೀಕ್ಷೆಯಲ್ಲಿ ಫೇಲಾಗಿ" ಎಂಬ ಒಂದೇ ಕಾರಣದ ಮಾತೂ ಬೇಡ, "ನೆಮ್ಮದಿ ಕಂಡ" ಎಂಬ ಅಲಂಕಾರವೂ ಬೇಡ. ಸಂಚಿಕೆಯನ್ನು ಈಗಿನ ಹತ್ತನೇ ತರಗತಿಯ ಮಕ್ಕಳೂ ಓದುತ್ತಾರೆ. ಆ ಪುಟಗಳ ಕೊನೆಗೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಅಚ್ಚಾಯಿತು. 2022ರಲ್ಲಿ ಶುರುವಾದ ಈ ಉಚಿತ ಸೇವೆ ಕನ್ನಡದಲ್ಲಿ ಹಗಲು ರಾತ್ರಿ ಸಿಗುತ್ತದೆ. ಆ ಹುಡುಗನ ಟಿಪ್ಪಣಿಯನ್ನು ಮೇಷ್ಟ್ರು ಬರೆಯಲೇಬೇಕೆಂದಿರಲಿಲ್ಲ. ತಾವೇ ಬರೆಯುತ್ತೇನೆಂದರು, ಖೋ ಖೋ ತಂಡದ ಬಗ್ಗೆ, ಅವನು ಬಿಡಿಸಿದ ಗೋಡೆಪತ್ರಿಕೆಯ ಬಗ್ಗೆ ಬರೆದರು. ತಾಯಿಯ ಬಳಿ ಹೋಗಿ ಕ್ಷಮೆ ಕೇಳಬೇಕೆಂಬ ಆಸೆಗೆ ಸದ್ಯ ತಡೆ ಹೇಳಲಾಯಿತು. ಇಷ್ಟು ವರ್ಷ ‘ಹೊಟ್ಟೆನೋವು’ ಎಂದೇ ಹೇಳಿಕೊಂಡು ಬಂದ ಮನೆಯ ಬಾಗಿಲಲ್ಲಿ ನಿಂತು ಅದನ್ನು ಕೆದಕಿದರೆ ಹಗುರವಾಗುವುದು ಮೇಷ್ಟ್ರ ಮನಸ್ಸು, ಭಾರ ಬೀಳುವುದು ಆ ತಾಯಿಯ ಮೇಲೆ. ಆಕೆಗೆ ಹೇಳಲಿಕ್ಕಿರುವುದನ್ನು ಕಳಿಸದ ಪತ್ರವಾಗಿ ಬರೆದರು.

ಸಮಾರಂಭದ ಬಗ್ಗೆಯೂ ಸಂಘದವರಿಗೆ ಕೆಲವು ಮಾತು ಹೋಯಿತು. ಒಬ್ಬೊಬ್ಬರ ಹೆಸರಿಗೂ ದೀಪ ಹಚ್ಚುವ ಯೋಜನೆಯಿತ್ತು. 30 ಹೆಸರಿಗೆ ಇಪ್ಪತ್ತು ನಿಮಿಷ ದಾಟುತ್ತದೆ, ಹದಿನೈದನೇ ಹೆಸರಿಗೆ ಸಭೆ ಮಾತಾಡಲು ಶುರು ಮಾಡುತ್ತದೆ, ಕೊನೆಯ ತಾಯಿಗೆ ಅದು ಅವಮಾನ. ಒಂದೇ ದೀಪ, ಇಬ್ಬರು ಸಹಪಾಠಿಗಳು ಹೆಸರು, ಊರು, ಬ್ಯಾಚು ನಿಧಾನ ಓದಿದರೆ ನಾಲ್ಕು ನಿಮಿಷ, ಆಮೇಲೆ ಒಂದು ನಿಮಿಷ ಮೌನ. ಇದು ನಾಡಗೀತೆಯಾದ ಕೂಡಲೇ ಆಗಬೇಕು. ಸನ್ಮಾನ, ಶಾಲು, ಹಾರಗಳ ನಡುವೆ ತುರುಕಬಾರದು. ಮನೆಯವರನ್ನು ವೇದಿಕೆಗೆ ಕರೆಯುವುದು ಬೇಡ, ಮುಂದಿನ ಎರಡು ಸಾಲು ಕಾದಿರಿಸಿ, ಹೊರಬಾಗಿಲ ಪಕ್ಕದ ಒಂದು ಕೋಣೆಯಲ್ಲಿ ನೀರು, ಕುರ್ಚಿ, ಜೊತೆಗೆ ಒಬ್ಬರು ಇರಲಿ. ಮೇಷ್ಟ್ರು ಹೆಸರು ಓದುವ ಹೊಣೆ ಹೊರಲಿಲ್ಲ.

ಒಟ್ಟು ಏಳು ಭೇಟಿ. ಐದನೆಯದಕ್ಕೆ ಪಿಎಚ್‌ಕ್ಯೂ ಅಂಕ 6ಕ್ಕೆ ಇಳಿದಿತ್ತು, ನಿದ್ದೆ ಬೆಳಗಿನ ಜಾವ ನಾಲ್ಕೂವರೆವರೆಗೆ ಬರುತ್ತಿತ್ತು. ಇಳಿಯದೆ 15 ದಾಟಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸುವುದೆಂದು ಮಗಳಿಗೆ ಮೊದಲೇ ಹೇಳಿತ್ತು. ಸಂಚಿಕೆ ಅಚ್ಚಿಗೆ ಹೋದ ಮೇಲೂ ಹೊಸ ಹೆಸರುಗಳು ಬರುತ್ತಲೇ ಇದ್ದವು, ಇದು ಎಲ್ಲ ಕಡೆ ಆಗುವುದೇ. ಅದಕ್ಕೆ ಶಾಲೆಯ ಗ್ರಂಥಾಲಯದಲ್ಲಿ ಗಟ್ಟಿ ರಟ್ಟಿನ 200 ಪುಟದ ಒಂದು ರಿಜಿಸ್ಟರ್ ಇಡಿಸಲಾಯಿತು: ಎಡಪುಟಕ್ಕೆ ಟಿಪ್ಪಣಿ, ಬಲಪುಟ ಮನೆಯವರು, ಗೆಳೆಯರು ಯಾವಾಗ ಬೇಕಾದರೂ ಸೇರಿಸಲು ಖಾಲಿ. ಬೀಗದ ಕೈ ಸಂಘದ ಕಾರ್ಯದರ್ಶಿಯ ಹತ್ತಿರ. ಹೊಸ ಹೆಸರು ಸೇರಿಸುವುದು ವರ್ಷಕ್ಕೊಮ್ಮೆ, ಜೂನ್‌ನಲ್ಲಿ, ಅದೇ ಎರಡು ಮೂಲದ ನಿಯಮದಂತೆ. ಮೇಷ್ಟ್ರ ಮನೆಗೆ ಯಾರೂ ಪಟ್ಟಿ ಒಯ್ಯುವಂತಿಲ್ಲ.