ಫಿಸಿಕ್ಸೇ ಓದದೆ ನೇರವಾಗಿ ಎಪಿ ಫಿಸಿಕ್ಸ್ ಸಿ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು, ಆದರೆ ಕಣ್ಣು ಮುಚ್ಚಿಕೊಂಡು ಬೇಡ. ಎಪಿ ಅಂದರೆ ಅಮೆರಿಕದ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು: ಇದುವರೆಗೆ ಫಿಸಿಕ್ಸ್ ಕ್ಲಾಸಿನಲ್ಲಿ ಕೂತಿಲ್ಲ. ಹನ್ನೆರಡನೇ ಗ್ರೇಡಿನಲ್ಲಿ ಕ್ಯಾಲ್ಕುಲಸ್ ಜೊತೆಗೇ ಎಪಿ ಫಿಸಿಕ್ಸ್ ಸಿ ಮೆಕ್ಯಾನಿಕ್ಸ್ ತೆಗೆದುಕೊಳ್ಳುವ ಆಸೆ ಇದೆ. ಕೌನ್ಸೆಲರ್ ಮಾತ್ರ ಮೊದಲು ಎಪಿಯಲ್ಲೇ ಕ್ಯಾಲ್ಕುಲಸ್ ಇಲ್ಲದ ಫಿಸಿಕ್ಸ್ 1 ಮುಗಿಸಿ ಅನ್ನುತ್ತಿದ್ದಾರೆ.

ನಾನೂ ಅಮೆರಿಕದ ಹೈಸ್ಕೂಲಿನಲ್ಲಿ ಇದನ್ನು ನೇರವಾಗಿಯೇ ತೆಗೆದುಕೊಂಡವನು. ಈಗ ಇದೇ ಕೋರ್ಸಿನ ಮಕ್ಕಳಿಗೆ ಹೇಳಿಕೊಡುತ್ತೇನೆ.

ಮೊದಲು ನಿಯಮದ ಮಾತು. ಎಪಿ ನಡೆಸುವ ಸಂಸ್ಥೆ ಕಾಲೇಜ್ ಬೋರ್ಡ್ ಕೇಳುವುದು ಕ್ಯಾಲ್ಕುಲಸ್ ಮುಗಿದಿರಲಿ, ಇಲ್ಲವೇ ಜೊತೆಯಲ್ಲಿ ನಡೆಯುತ್ತಿರಲಿ ಅಂತ ಮಾತ್ರ. ಫಿಸಿಕ್ಸ್ 1 ಆಗಿರಲೇಬೇಕು ಅಂತ ಅಲ್ಲ. ನಿಮ್ಮ ಸ್ಕೂಲು ತನ್ನದೇ ಷರತ್ತು ಹಾಕಿದ್ದರೆ ಅದು ಬೇರೆ ವಿಷಯ. ಇನ್ನೊಂದು, ಫಿಸಿಕ್ಸ್ 1ರಲ್ಲೂ ಇದರಲ್ಲೂ ಪಾಠಗಳು ಹೆಚ್ಚುಕಡಿಮೆ ಅವೇ: ಚಲನೆ, ಬಲ, ಶಕ್ತಿ, ಮೊಮೆಂಟಮ್, ರೊಟೇಷನ್, ಆಂದೋಲನ. ಅಲ್ಲಿ ಲೆಕ್ಕ ಆಲ್ಜೀಬ್ರಾದಲ್ಲಿ ಮುಗಿಯುತ್ತದೆ, ಇಲ್ಲಿ ಕ್ಯಾಲ್ಕುಲಸ್ ಬರುತ್ತದೆ. ದ್ರವಗಳ ಪಾಠ ಅಲ್ಲಿದೆ, ಇಲ್ಲಿಲ್ಲ. ಅಂದರೆ ನೀವು ಬಿಟ್ಟು ಹೋಗುತ್ತಿರುವುದು ಪಾಠವನ್ನಲ್ಲ, ಅದನ್ನು ಒಮ್ಮೆ ನಿಧಾನವಾಗಿ ನೋಡುವ ಅವಕಾಶವನ್ನು.

ಎಲ್ಲರೂ ಹೆದರುವುದು ಕ್ಯಾಲ್ಕುಲಸ್‌ಗೆ. ಸುಮ್ನೆ. ಮೆಕ್ಯಾನಿಕ್ಸಿನಲ್ಲಿ ಬರುವ ಕ್ಯಾಲ್ಕುಲಸ್ ತುಂಬಾ ತೆಳು. ನಿಜವಾಗಿ ಕಾಲು ಹಿಡಿದು ಎಳೆಯುವುದು ಬಲಗಳ ಚಿತ್ರ, ಅಂದರೆ ಫ್ರೀ ಬಾಡಿ ಡಯಾಗ್ರಾಂ. ಒಂದು ಇಳಿಜಾರು ಹಲಗೆ ತೆಗೆದುಕೊಳ್ಳಿ. ಕೆಳಗಿನಿಂದ ಒಂದು ಮರದ ತುಂಡನ್ನು ಮೇಲಕ್ಕೆ ತಳ್ಳಿ ಕೈ ಬಿಟ್ಟಿದ್ದೀರಿ, ಅದು ಇನ್ನೂ ಮೇಲಕ್ಕೆ ಜಾರುತ್ತಿದೆ. ಈಗ ಅದರ ಮೇಲೆ ಯಾವ ಯಾವ ಬಲಗಳಿವೆ? ಹೊಸಬರಲ್ಲಿ ಹೆಚ್ಚಿನವರು ಮೇಲ್ಮುಖವಾಗಿ ಒಂದು ಬಾಣ ಎಳೆದೇ ಎಳೆಯುತ್ತಾರೆ, ಅದು ಮೇಲೆ ಹೋಗುತ್ತಿದೆಯಲ್ಲ ಅಂತ. ಆ ಬಾಣ ಇಲ್ಲವೇ ಇಲ್ಲ. ಇರುವುದು ಮೂರೇ: ಗುರುತ್ವ, ಹಲಗೆ ಲಂಬವಾಗಿ ತಳ್ಳುವ ಬಲ, ಘರ್ಷಣೆ. ತುಂಡು ಮೇಲೆ ಹೋಗುವಾಗ ಘರ್ಷಣೆ ಇಳಿಜಾರಿನ ಕೆಳಮುಖಕ್ಕಿರುತ್ತದೆ, ವಾಪಸ್ ಜಾರುವಾಗ ಮೇಲ್ಮುಖಕ್ಕೆ. ಹಾಗಾಗಿ ಹೋಗುವಾಗಿನ ಆಕ್ಸಲರೇಷನ್, ಅಂದರೆ ವೇಗ ಬದಲಾಗುವ ದರ, ಜಾಸ್ತಿ, ಬರುವಾಗಿನದು ಕಡಿಮೆ. ಇದು ಕೈಗೆ ಹತ್ತಿಬಿಟ್ಟರೆ ಅರ್ಧ ಕೋರ್ಸು ಹಗುರ. ಫಿಸಿಕ್ಸ್ 1 ಮಾಡಿ ಬಂದವರಿಗೆ ಇದು ಅಭ್ಯಾಸ ಆಗಿರುತ್ತದೆ. ನಿಮಗೆ ಇರುವುದಿಲ್ಲ. ನಿಮ್ಮ ಕೊರತೆ ಅಂದರೆ ಇದೇ.

ಅವರಿಗೆ ಇನ್ನೊಂದು ಅಭ್ಯಾಸವೂ ಅಂಟಿಕೊಂಡಿರುತ್ತದೆ, ಅದು ಕಾಟ ಕೊಡುವಂಥದ್ದು. ಗಾಳಿಯ ತಡೆ ಇರುವಾಗ ಕೆಳಗೆ ಬೀಳುವ ವಸ್ತುವಿನ ಲೆಕ್ಕ ಬಂತು ಅನ್ನಿ. ವೇಗ ಹೆಚ್ಚಿದಂತೆ ತಡೆಯೂ ಹೆಚ್ಚುತ್ತದೆ, ಆಕ್ಸಲರೇಷನ್ ಕ್ಷಣಕ್ಷಣಕ್ಕೂ ಇಳಿಯುತ್ತದೆ. ಕೊನೆಗೆ ತಡೆ ಮತ್ತು ತೂಕ ಸಮ ಆಗಿ ವೇಗ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಕ್ಸಲರೇಷನ್ ಬದಲಾಗದಿದ್ದಾಗ ಮಾತ್ರ ನಡೆಯುವ ಆ ಬಾಯಿಪಾಠದ ಸೂತ್ರಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನ್ಯೂಟನ್ನಿನ ಎರಡನೇ ನಿಯಮ ಬರೆದು, ವೇಗವನ್ನು ಒಂದು ಕಡೆ, ಕಾಲವನ್ನು ಇನ್ನೊಂದು ಕಡೆ ತಂದು ಇಂಟಿಗ್ರೇಟ್ ಮಾಡಬೇಕು, ಅಂದರೆ ಸಣ್ಣ ಸಣ್ಣ ಬದಲಾವಣೆಗಳನ್ನೆಲ್ಲ ಕೂಡಿಸಬೇಕು. ಹಳಬರ ಕೈ ತಾನಾಗಿ ಸೂತ್ರದ ಕಡೆ ಹೋಗುತ್ತದೆ. ನಿಮ್ಮ ಕೈಗೆ ಆ ರೂಢಿಯೇ ಇಲ್ಲ, ಲಾಭ ಅಲ್ವಾ?

ಕ್ಯಾಲ್ಕುಲಸ್‌ನಲ್ಲಿ ತೊಂದರೆ ಏನಿದ್ದರೂ ಅದು ಸಮಯದ್ದು. ಗಣಿತದ ಕ್ಲಾಸಿನಲ್ಲಿ ವರ್ಷದ ಮೊದಲ ಭಾಗವೆಲ್ಲ ಬದಲಾವಣೆಯ ದರ ತೆಗೆಯುವ ಡಿರೈವೇಟಿವ್‌ಗಳೇ. ಇಂಟಿಗ್ರಲ್ ಬರುವುದು ಆಮೇಲೆ. ಫಿಸಿಕ್ಸ್ ಅಲ್ಲಿಯವರೆಗೆ ಕಾಯುವುದಿಲ್ಲ. ಹಾಗಾಗಿ ಈ ಬೇಸಿಗೆಯಲ್ಲೇ ಎಕ್ಸ್‌ನ ಘಾತಗಳ ಡಿರೈವೇಟಿವ್, ಇಂಟಿಗ್ರಲ್ ಎರಡನ್ನೂ ಮಾಡಿಟ್ಟುಕೊಳ್ಳಿ. ಸೈನ್, ಕೊಸೈನ್ ಕೂಡ ಸೇರಿಸಿ. ವೆಕ್ಟರ್ ಒಂದನ್ನು ಎರಡು ದಿಕ್ಕಿಗೆ ಒಡೆಯುವುದಕ್ಕೆ ಯೋಚನೆಯೇ ಬೇಕಾಗಬಾರದು. ಉಳಿದ ಸಮಯವೆಲ್ಲ ಬಲಗಳ ಚಿತ್ರಕ್ಕೆ. ಉತ್ತರ ತೆಗೆಯದಿದ್ದರೂ ಪರವಾಗಿಲ್ಲ, ಚಿತ್ರ ಬರೆಯಿರಿ, ಯಾರಿಗಾದರೂ ತೋರಿಸಿ.

ರೊಟೇಷನ್ ಬಂದಾಗ ಎಲ್ಲರೂ ಒಂದೇ ದೋಣಿಯಲ್ಲಿ, ಮೊದಲು ಓದಿದವರೂ ಅಲ್ಲಿ ತಡವರಿಸುತ್ತಾರೆ. ಒಂದೇ ಇಳಿಜಾರಿನಲ್ಲಿ ಜಾರದೆ ಉರುಳುವ ಗಟ್ಟಿ ಗುಂಡು ಬಳೆಗಿಂತ ಮೊದಲು ಕೆಳಗೆ ತಲುಪುತ್ತದೆ, ತೂಕ ಎಷ್ಟೇ ಇರಲಿ. ಯಾಕೆ ಅಂತ ಬೇರೆಯವರಿಗೆ ಬಿಡಿಸಿ ಹೇಳಲು ಬಂದರೆ ಆ ಪಾಠ ನಿಮ್ಮದಾಯಿತು.

ಪರೀಕ್ಷೆ ಮೇ ತಿಂಗಳಲ್ಲಿ. 2025ರಿಂದ ಅದು ಮೂರು ಗಂಟೆಯದ್ದು: 40 ಬಹು ಆಯ್ಕೆ ಪ್ರಶ್ನೆ, 4 ಬಿಡಿಸಿ ಬರೆಯುವಂಥವು. ಆ ನಾಲ್ಕರಲ್ಲಿ ಒಂದು ಪ್ರಯೋಗ ಹೇಗೆ ಮಾಡುತ್ತೀರಿ, ಅಳತೆಗಳಿಂದ ಏನು ತೆಗೆಯುತ್ತೀರಿ ಅನ್ನುವುದು. ಲ್ಯಾಬನ್ನು ಟೈಂಪಾಸ್ ಅಂದುಕೊಂಡವರಿಗೆ ಅಲ್ಲೇ ಅಂಕ ಹೋಗುತ್ತದೆ.

ಹಾಗಾದರೆ ಯಾರಿಗೆ ಬೇಡ ಅನ್ನುತ್ತೇನೆ? ಆಲ್ಜೀಬ್ರಾ, ಟ್ರಿಗನೋಮೆಟ್ರಿಯಲ್ಲೇ ಎಡವುವವರಿಗೆ. ಕ್ಯಾಲ್ಕುಲಸ್ ಮೊದಲೇ ಮುಗಿಸದೆ, ಆ ವರ್ಷವೂ ಇಲ್ಲದವರಿಗೆ. ಮೆಕ್ಯಾನಿಕ್ಸ್ ಬಿಟ್ಟು ನೇರ ಎಲೆಕ್ಟ್ರಿಸಿಟಿ ಮತ್ತು ಮ್ಯಾಗ್ನೆಟಿಸಂಗೆ ಹಾರುವವರಿಗಂತೂ ಖಂಡಿತ ಬೇಡ. ಅಲ್ಲಿ ವಿದ್ಯುತ್ ಕ್ಷೇತ್ರದ ಲೆಕ್ಕಕ್ಕೆ ಬಳಸುವ ಗೌಸ್ ನಿಯಮ ಬಂದಾಗ ಕ್ಯಾಲ್ಕುಲಸ್ ನಿಜಕ್ಕೂ ದಪ್ಪವಾಗುತ್ತದೆ.

ಕೌನ್ಸೆಲರ್ ಹತ್ತಿರ ವಾದ ಮಾಡುವ ಬದಲು ಪಾಠ ಮಾಡುವ ಟೀಚರನ್ನೇ ನೋಡಿ. ಮೆಕ್ಯಾನಿಕ್ಸ್ ವರ್ಷಪೂರ್ತಿ ನಡೆಯುತ್ತದಾ, ಅಥವಾ ಅರ್ಧ ವರ್ಷದಲ್ಲಿ ಮುಗಿಸಿ ಇನ್ನರ್ಧ ಎಲೆಕ್ಟ್ರಿಸಿಟಿಗಾ ಅಂತ ಕೇಳಿ. ವರ್ಷಪೂರ್ತಿ ಆದರೆ ಧೈರ್ಯವಾಗಿ ಹೋಗಿ. ಅರ್ಧ ವರ್ಷ ಆದರೆ ನಾನು ಕೌನ್ಸೆಲರ್ ಕಡೆಗೇ. ಸೇರಿದ ಮೇಲೆ ಭಾರ ಅನಿಸಿದರೆ ಫಿಸಿಕ್ಸ್ 1ಕ್ಕೆ ಬದಲಾಯಿಸಲು ಕೊನೇ ದಿನ ಯಾವುದು ಅಂತಲೂ ಆಗಲೇ ಕೇಳಿಟ್ಟುಕೊಳ್ಳಿ.