ಮೊಮ್ಮಗಳ ಎರಡು ಸಾಲು ಮತ್ತು ಮೂರು ತಲೆಮಾರಿನ ಋಣ

ಪ್ರಶ್ನೆ: ನನ್ನ ಮಾವ 1953ರಲ್ಲಿ, ಹನ್ನೆರಡನೇ ವಯಸ್ಸಿಗೆ ಸ್ಟೀಮರ್ ಹತ್ತಿ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದವರು. ಗಂಡ ಕುವೈತಿನಲ್ಲಿದ್ದರು, 1990ರಲ್ಲಿ ಎಲ್ಲ ಬಿಟ್ಟು ಬಂದರು. ಮಗ ಈಗ ಟೊರೊಂಟೊದಲ್ಲಿದ್ದಾನೆ. ಮೊಮ್ಮಗಳಿಗೆ ಶಾಲೆಯಲ್ಲಿ ‘ನಮ್ಮ ಕುಟುಂಬ ಇಲ್ಲಿಗೆ ಹೇಗೆ ಬಂತು’ ಅಂತ ಬರೆಯಲು ಹೇಳಿದ್ದರಂತೆ. ಅಪ್ಪನಿಗೆ ಕೆಲಸ ಸಿಕ್ಕಿತು, ವಿಮಾನದಲ್ಲಿ ಬಂದೆವು ಅಂತ ಎರಡೇ ಸಾಲು ಬರೆದಳು. ಗಂಡನಿಗೆ ತುಂಬಾ ನೋವಾಗಿದೆ. ‘ಇವರಿಗೆ ಋಣ ಅನ್ನುವುದೇ ಗೊತ್ತಿಲ್ಲ’ ಅಂತ ಮಗನ ಜೊತೆ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಕಾಪು

ಉತ್ತರ: ಮೊಮ್ಮಗಳು ಸುಳ್ಳು ಬರೆದಿಲ್ಲಮ್ಮ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಿಮ್ಮ ಯಜಮಾನರನ್ನು ಒಂದು ಮಾತು ಕೇಳಿ: ಕುವೈತಿನಿಂದ ಹೇಗೆ ಹೊರಬಿದ್ದೆ ಅಂತ ಅವರು ಮಗನನ್ನು ಕೂರಿಸಿಕೊಂಡು ಯಾವತ್ತಾದರೂ ಹೇಳಿದ್ದಾರಾ? ಗಲ್ಫಿನಲ್ಲಿ ದುಡಿದ ನಮ್ಮೂರಿನ ಎಷ್ಟೋ ಗಂಡಸರು ಹೇಳುವುದೇ ಇಲ್ಲ. ಸೆಂಟು, ಟೇಪ್‌ರೆಕಾರ್ಡರ್ ತಂದರು, ಮನೆ ಕಟ್ಟಿಸಿದರು, ಅಲ್ಲಿ ಪಟ್ಟ ಪಾಡನ್ನು ಮಾತ್ರ ನುಂಗಿಕೊಂಡರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಬ್ಯಾಂಕಿನಲ್ಲಿದ್ದ ದುಡ್ಡು ಅಲ್ಲೇ ಉಳಿಯಿತು. ನಮ್ಮವರು ಬಸ್ಸು, ಲಾರಿ ಸಿಕ್ಕಿದ್ದು ಹಿಡಿದು ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದರು, ಅಲ್ಲಿಂದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಏರ್ ಇಂಡಿಯಾ ವಿಮಾನಗಳು ಊರಿಗೆ ತಂದವು. ಆ ದಾರಿಯಲ್ಲಿ ನಿಮ್ಮ ಯಜಮಾನರಿಗೆ ಯಾರು ನೀರು ಕೊಟ್ಟರು, ಯಾರು ಪಕ್ಕ ಸರಿದು ಜಾಗ ಮಾಡಿಕೊಟ್ಟರು? ಅದನ್ನು ಕೇಳಿದರೆ ಮಗುವಿಗೆ ತಾತ ಕಾಣಿಸುತ್ತಾರೆ. ‘ತಾತ ತುಂಬಾ ಕಷ್ಟಪಟ್ಟರು’ ಅಂದರೆ ಏನೂ ಕಾಣಿಸುವುದಿಲ್ಲ.

ಮಾವನ ಕಥೆಯನ್ನೂ ಬುಡದಿಂದ ಹೇಳಿ. 1953ರಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆ (ಆಗ ಉಡುಪಿಯೂ ಅದರಲ್ಲೇ) ಮದ್ರಾಸ್ ರಾಜ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರ ನವೆಂಬರಿನಲ್ಲಿ. ಕರಾವಳಿಯಿಂದ ಮುಂಬಯಿಗೆ ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ, ಅದಕ್ಕೇ ಅವರು ಸ್ಟೀಮರ್ ಹತ್ತಿದ್ದು. ಹೆಚ್ಚಿನ ಮನೆಗಳಲ್ಲಿ ಗದ್ದೆ ಗೇಣಿಯದ್ದು, ಧಣಿಗೆ ಗೇಣಿ ಅಳೆದು ಕೊಟ್ಟ ಮೇಲೆ ಜಡಿಮಳೆಯ ಆಟಿ ತಿಂಗಳು ದಾಟುವುದೇ ಕಷ್ಟ. ಒಬ್ಬ ಹುಡುಗನನ್ನು ಮುಂಬಯಿಗೆ ಕಳಿಸಿದರೆ ಮನೆಯಲ್ಲಿ ಒಂದು ಹೊಟ್ಟೆ ಕಡಿಮೆ, ಮನಿಯಾರ್ಡರಿನ ಆಸೆ ಬೇರೆ. ಇದನ್ನು ಸಿಹಿ ಮಾಡಿ ಹೇಳಬೇಡಿ. ಹನ್ನೆರಡು ವರ್ಷದ ಮಗು ಅಮ್ಮನನ್ನು ಬಿಟ್ಟು ಹೋಗಿ ಹೋಟೆಲಿನ ನೆಲದಲ್ಲಿ ಮಲಗಬೇಕಾಗಿ ಬಂದದ್ದು ಅನ್ಯಾಯವೇ. ನಿಮ್ಮ ಮೊಮ್ಮಗಳು ಹೆಚ್ಚುಕಮ್ಮಿ ಅದೇ ವಯಸ್ಸಿನವಳು ಅಲ್ವಾ, ಅವಳಿಗೆ ಸಿಟ್ಟು ಬಂದರೆ ಬರಲಿ.

ಇನ್ನೊಂದು ಮುಖ್ಯ ವಿಷಯ. ಋಣ ಅಂದ ಕೂಡಲೇ ನಾವು ನಮ್ಮ ಅಪ್ಪ, ನಮ್ಮ ಅಜ್ಜ ಅಂತ ನಿಲ್ಲಿಸಿಬಿಡುತ್ತೇವೆ. ನಿಮ್ಮ ಮಾವನನ್ನು ಮುಂಬಯಿಗೆ ಕರೆದುಕೊಂಡು ಹೋದವರು ಯಾರು? ಮಾವ ಅಲ್ಲಿ ರಾತ್ರಿ ಶಾಲೆಗೆ ಹೋಗಿದ್ದರಾ? ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ನಮ್ಮ ಹುಡುಗರು ಓದಲಿ ಅಂತ ಮುಂಬಯಿ ಕನ್ನಡಿಗರು ರಾತ್ರಿ ಶಾಲೆ ನಡೆಸಿದರು, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಕೈಯಿಂದ ದುಡ್ಡು ಹಾಕಿದವು. ಎಷ್ಟೋ ಮನೆಗಳಲ್ಲಿ ಮೊದಲ ಮೆಟ್ರಿಕ್ ಪಾಸು ಬಂದದ್ದು ಅಲ್ಲಿಂದಲೇ. ಹಾಗೆಯೇ ಊರಲ್ಲಿ ಉಳಿದ ಹೆಂಗಸರು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ (ಗೇಣಿ ಗದ್ದೆ ತಮ್ಮ ಹೆಸರಿಗೆ ಮಾಡಿಕೊಡಿ ಎಂಬ ಅರ್ಜಿ) ಹಾಕಿದ ಗೇಣಿದಾರರಿಗೆ ಗದ್ದೆ ಸ್ವಂತದ್ದಾಯಿತು, ಆದರೆ ಅಲ್ಲಿಯವರೆಗೆ ನೇಜಿ (ಭತ್ತದ ಸಸಿ) ನೆಟ್ಟು ಆ ಗದ್ದೆಯನ್ನು ಬೀಳು ಬಿಡದೆ ಉಳಿಸಿದವರು ನಿಮ್ಮ ಅತ್ತೆಯಂಥವರು. ಗಂಡ ಕುವೈತಿನಲ್ಲಿದ್ದಾಗ ಮನೆ ನಡೆಸಿದವರು ನೀವು. ಪ್ರಶ್ನೆಯಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಬರೆದಿಲ್ಲವಲ್ಲ! ದಯವಿಟ್ಟು ಅದನ್ನೂ ಸೇರಿಸಿ ಹೇಳಿ.

ಮಗನ ಜೊತೆ ಮಾತು ಬಿಡುವುದು ಬೇಡ. ಮಾವ ಮುಂಬಯಿಗೆ ಹೋದದ್ದು ಮುಂದಿನವರು ಅಲ್ಲೇ ಗ್ಲಾಸು ತೊಳೆಯಲಿ ಅಂತಲ್ಲ. ಮೊಮ್ಮಗಳು ಆ ದೇಶಕ್ಕೂ ಋಣಿಯಾಗಿರಬೇಕು, ಅವಳಿಗೆ ಶಾಲೆ ಕೊಟ್ಟದ್ದು ಅದು. ಈ ಭಾನುವಾರ ವಿಡಿಯೊ ಕಾಲ್ ಮಾಡಿ, ಹಳೇ ಪಾಸ್‌ಪೋರ್ಟು, ಮನಿಯಾರ್ಡರ್ ಚೀಟಿ, ಗದ್ದೆ ಕೊಟ್ಟ ಭೂ ನ್ಯಾಯಮಂಡಳಿಯ ಆದೇಶ ಏನಿದೆಯೋ ಎದುರಿಗೆ ಇಟ್ಟುಕೊಳ್ಳಿ. ಯಜಮಾನರು ತುಳುವಿನಲ್ಲೇ ಹೇಳಲಿ. ಮಗ ಅದನ್ನು ಮಗಳಿಗೆ ಬಿಡಿಸಿ ಹೇಳುವಾಗ ಅವನೂ ಮೊದಲ ಸಲ ಕೇಳುತ್ತಾನೆ.

ಪ್ರಶ್ನೆ: ಮಗಳು ಅಮೆರಿಕದ ಪೌರತ್ವ ತೆಗೆದುಕೊಂಡಳು. ಕುಟುಂಬದ ಜಾಗದಲ್ಲಿ ಅವಳಿಗೆ ಇನ್ನು ಹಕ್ಕಿಲ್ಲ ಅಂತ ನೆಂಟರು ಹೇಳುತ್ತಾರೆ. ನಿಜವಾ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ನಿಜವಲ್ಲ. ನಮ್ಮಲ್ಲಿ ಎರಡು ಪೌರತ್ವ ಇಲ್ಲ, ಹಾಗಾಗಿ ಅವಳು ಭಾರತದ ಪಾಸ್‌ಪೋರ್ಟ್ ಒಪ್ಪಿಸಲೇಬೇಕು. ಆದರೆ ಹಿರಿಯರಿಂದ ಬರುವ ಆಸ್ತಿಯ ಹಕ್ಕು ಅಷ್ಟಕ್ಕೇ ಹೋಗುವುದಿಲ್ಲ. ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಸರ್ಕಾರ ಕೊಡುವ ಕಾರ್ಡು) ಮಾಡಿಸಿದರೆ ಜೀವನಪೂರ್ತಿ ವೀಸಾ ಇಲ್ಲದೆ ಬಂದು ಹೋಗಬಹುದು. ಓಟು ಹಾಕುವಂತಿಲ್ಲ, ಹೊಸದಾಗಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಪಾಸ್‌ಪೋರ್ಟ್ ಒಪ್ಪಿಸಿದ ಸರ್ಟಿಫಿಕೇಟನ್ನು ಮೊದಲು ಪಡೆದುಕೊಳ್ಳಲಿ, ಓಸಿಐ ಅರ್ಜಿಗೆ ಅದು ಬೇಕಾಗುತ್ತದೆ.